ದರ್ಜಿ ದಾಟಿದ ಹೊಂಡಗಳು

"ಗುರುಗಳ, ಬಂದ ಮಂದಿಗೆ ಗೊತ್ತಾಗದಂಗ ಸ್ವಲ್ಪ ಗೆಲ್ಲಿಸಿದ್ರ ತಪ್ಪೇನ್ರಿ?" ಎಂದು ಶಿಷ್ಯ ಕೇಳಿದ.

ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಶಿಷ್ಯ ತನ್ನೂರಿನಲ್ಲಿ ಒಂದು ಆಟದ ಕೋಣೆ ತೆರೆದಿದ್ದ. ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೋ ಗೇಮುಗಳು, ಈಗ ಎಲ್ಲೂ ಸಿಗದ ಕ್ಯಾಸೆಟ್ಟುಗಳು, ಬೆರಳೆಣಿಕೆಯ ಜನ ಮಾತ್ರ ಬಲ್ಲ ಅಪರೂಪದ ಆಟಗಳು, ಎಲ್ಲವನ್ನೂ ಹುಡುಕಿ ತಂದು ಒಪ್ಪವಾಗಿ ಇಟ್ಟಿದ್ದ. ಬರುವವರೇನೋ ಬರುತ್ತಿದ್ದರು. ಆದರೆ ಅವರೆಲ್ಲ ಮೊಬೈಲಿನಲ್ಲಿ ಬಣ್ಣದ ಹಣ್ಣು ಜೋಡಿಸಿ ಹೊತ್ತು ಕಳೆಯುವವರು. ಹಳೆಯ ಆಟದಲ್ಲಿ ಎರಡು ಸಲ ಸತ್ತರೆ ಮೂರನೆಯ ಸಲಕ್ಕೆ ಎದ್ದು ಹೋಗುತ್ತಿದ್ದರು. ಎಂಟು ತಿಂಗಳಾದರೂ ಒಬ್ಬರೂ ನೆಲೆ ನಿಲ್ಲಲಿಲ್ಲ. ಯುಗಾದಿಯವರೆಗೆ ನೋಡಿ ಕೋಣೆ ಮುಚ್ಚುವುದೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಕಳೆದ ವಾರ ಒಬ್ಬ ಹೆಂಗಸು ಬಂದಾಗ ಅವನು ಆಟವನ್ನು ಗುಟ್ಟಾಗಿ ಸಡಿಲ ಮಾಡಿ ಆಕೆಯನ್ನು ಗೆಲ್ಲಿಸಿಯೂ ಬಿಟ್ಟಿದ್ದ. ಆಕೆ ಕುಣಿದಾಡಿಕೊಂಡು ಮನೆಗೆ ಹೋಗಿದ್ದಳು. ಅಂದಿನಿಂದ ಅವನ ಮನಸ್ಸು ಒಂದು ಕಡೆ ನಿಂತಿರಲಿಲ್ಲ.

ಗುರುಗಳು ಕೂರುತ್ತಿದ್ದ ಆಟದ ಕೋಣೆಯಲ್ಲಿ ಹಾಗಿರಲಿಲ್ಲ. ಅಲ್ಲಿ ತರಕಾರಿ ಮಾರುವವಳು, ಬಸ್ಸಿನ ಕಂಡಕ್ಟರು, ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದ ನಿವೃತ್ತ ತಲಾಟಿ ಸಾಲಾಗಿ ಕುಳಿತು ಮೂವತ್ತು ವರ್ಷ ಹಳೆಯ ಆಟಗಳನ್ನು ಆಡುತ್ತಿದ್ದರು. ಹತ್ತು ಸಲ ಸತ್ತರೂ ಏಳುತ್ತಿರಲಿಲ್ಲ. ಇದರ ಗುಟ್ಟು ತಿಳಿಯಲೆಂದೇ ಶಿಷ್ಯ ವಾರಕ್ಕೊಮ್ಮೆ ಮಧ್ಯಾಹ್ನದ ಬಸ್ಸಿಗೆ ಬಂದು ಹೋಗುತ್ತಿದ್ದ. ಗುರುಗಳಂಥ ಆಟಗಾರ ಈ ಸೀಮೆಯಲ್ಲೇ ಇಲ್ಲ ಎಂದು ಅವನು ನಂಬಿದ್ದ. ಅವರು ಆಡುವುದನ್ನು ಮಾತ್ರ ಅವನು ಒಮ್ಮೆಯೂ ಕಂಡಿರಲಿಲ್ಲ. ಅವರು ಆಡುವುದು ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ ಎಂದು ಅಲ್ಲಿಯವರು ಹೇಳುತ್ತಿದ್ದರು. ಹೇಳುವಾಗ ಯಾಕೋ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅದು ಅಭಿಮಾನದ ನಗೆ ಎಂದು ಶಿಷ್ಯ ಅಂದುಕೊಂಡಿದ್ದ.

ಗುರುಗಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಲೋಟದಲ್ಲಿ ಅರ್ಧವೇ ಚಹಾ ಇತ್ತು. ದೊಡ್ಡವರು ಎಲ್ಲದರಲ್ಲೂ ಮಿತ ಎಂದು ಶಿಷ್ಯ ಅದಕ್ಕೂ ಒಂದು ಅರ್ಥ ಹಚ್ಚಿಕೊಂಡಿದ್ದ. ಹಿಂದಿನ ಮೇಜಿನಲ್ಲಿ ರಿಪೇರಿಯವನೊಬ್ಬ ತಲೆ ತಗ್ಗಿಸಿ ಒಂದು ವೈರು ಬೆಸೆಯುತ್ತಿದ್ದ.

"ಹೇಳ್ತೀನಿ ಕೇಳು ತಮ್ಮಾ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಆಟದಂಗಡಿಯವನಿದ್ದ. ಹಳೆಯ ಆಟಗಳೆಂದರೆ ಅವನಿಗೆ ಪ್ರಾಣ. ಯಾವ ಆಟ ಯಾವ ವರ್ಷದ್ದು, ಯಾವುದರಲ್ಲಿ ಎಲ್ಲಿ ಗುಪ್ತ ಬಾಗಿಲಿದೆ, ಯಾವ ಕ್ಯಾಸೆಟ್ಟಿಗೆ ಎಷ್ಟು ಸಲ ಊದಿ ಹಾಕಬೇಕು, ಎಲ್ಲ ಅವನಿಗೆ ಬಾಯಿಪಾಠ. ಇಷ್ಟೊಂದು ಚೆಲುವು ಪೆಟ್ಟಿಗೆಯಲ್ಲಿ ದೂಳು ತಿನ್ನುತ್ತಿರುವಾಗ ಜನ ಮೊಬೈಲಿನಲ್ಲಿ ಹಣ್ಣು ಜೋಡಿಸುತ್ತಾರಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ. ಯಾರಾದರೂ ಬಂದರೆ ಸಾಕು, ಹಿಡಿದು ಕೂರಿಸಿ ಆಟದ ಚರಿತ್ರೆ ಶುರುಮಾಡುತ್ತಿದ್ದ. ಬಂದವರು ತಲೆ ಕೊರೆಸಿಕೊಂಡು, ಕೊನೆಗೆ ಆಡಲು ಕುಳಿತು, ಮೊದಲ ಹೆಜ್ಜೆಗೇ ಸತ್ತು ಹೊರಗೆ ಹೋಗುತ್ತಿದ್ದರು. ಬಾಗಿಲು ದಾಟುವ ಮೊದಲೇ ಅವರ ಕೈಯಲ್ಲಿ ಮೊಬೈಲು ಇರುತ್ತಿತ್ತು.

ಅವನ ಬಳಿಯಿದ್ದ ಆಟಗಳಲ್ಲೆಲ್ಲ ಅವನಿಗೆ ಹೆಚ್ಚು ಇಷ್ಟವಾದದ್ದು ಲಾಂದ್ರದವನ ಆಟ. ಲಾಂದ್ರ ಹಿಡಿದ ಪುಟ್ಟ ಮನುಷ್ಯನೊಬ್ಬ ಕತ್ತಲ ಗವಿಯಲ್ಲಿ ನಡೆಯುತ್ತಾನೆ. ದಾರಿಯಲ್ಲಿ ಹದಿನಾಲ್ಕು ಹೊಂಡಗಳಿವೆ. ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ಅವನು ಹಾರುತ್ತಾನೆ. ಹೊತ್ತು ತಪ್ಪಿದರೆ ಬೀಳುತ್ತಾನೆ. ಹದಿನಾಲ್ಕನ್ನೂ ದಾಟಿದರೆ ಹೊರಗೆ ಬೆಳಕು. ಅಷ್ಟೇ ಆಟ. ಮಾಡಿದವರು ಯಾರೋ, ಎಲ್ಲಿಯವರೋ. ಆ ಆಟವನ್ನು ಬಲ್ಲವರು ದೇಶದಲ್ಲಿ ಹತ್ತು ಜನ ಇದ್ದರೆ ಹೆಚ್ಚು.

ಒಂದು ದಿನ ಅಂಗಡಿಯವನಿಗೆ ತನ್ನ ಅಣ್ಣನ ನೆನಪಾಯಿತು. ಅಂಗಡಿಯವ ಆರು ವರ್ಷದವನಿದ್ದಾಗ ಮನೆಗೆ ಮೊದಲ ಟಿವಿ ಗೇಮ್ ಬಂದಿತ್ತು. ಅಣ್ಣ ಅವನ ಕೈಗೆ ಎರಡನೆಯ ಜಾಯ್‌ಸ್ಟಿಕ್ ಕೊಟ್ಟು, ನೀನೂ ಆಡು ಎಂದಿದ್ದ. ಅದರ ವೈರನ್ನು ಮಾತ್ರ ಎಲ್ಲಿಗೂ ಸಿಕ್ಕಿಸಿರಲಿಲ್ಲ. ಆ ಕಾಲದಲ್ಲಿ ಟಿವಿ ಗೇಮ್ ಇದ್ದ ಮನೆಗಳಲ್ಲಿ ಅಣ್ಣಂದಿರು ತಮ್ಮಂದಿರಿಗೆ ಮಾಡುತ್ತಿದ್ದ ಕೆಲಸವೇ ಇದು. ಒಂದು ಬೇಸಿಗೆ ರಜೆ ಪೂರ್ತಿ, ಪರದೆಯ ಮೇಲೆ ಹಾರುವವನನ್ನು ತಾನೇ ಹಾರಿಸುತ್ತಿದ್ದೇನೆಂದು ಅವನು ನಂಬಿ ಕುಣಿದಿದ್ದ. ಆಟದ ಹುಚ್ಚು ಹತ್ತಿದ್ದು ಆ ಬೇಸಿಗೆಯಲ್ಲೇ. ನಿಜ ಗೊತ್ತಾದ ದಿನ ಏನಾಯಿತೆಂಬುದು ಅವನಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ಅವನು ಹೋಗಲೂ ಇಲ್ಲ.

ಅಣ್ಣ ಮಾಡಿದ್ದನ್ನೇ ಅವನು ಮಾಡಿದ. ಬಂದವರು ಹಿಡಿಯುವ ಜಾಯ್‌ಸ್ಟಿಕ್ಕಿನ ವೈರು ಆಟದ ಪೆಟ್ಟಿಗೆಯ ಹಿಂದೆ ಹೋಗಿ ಅಲ್ಲೇ ಮುಗಿಯುವಂತೆ ಮಾಡಿದ. ನಿಜವಾದ ಜಾಯ್‌ಸ್ಟಿಕ್ ಇಟ್ಟುಕೊಂಡು ಅವರ ಬೆನ್ನ ಹಿಂದೆ ಮೇಜಿನ ಮರೆಯಲ್ಲಿ ಕುಳಿತ. ಟಿವಿಯ ಪಕ್ಕದ ಗೋಡೆಗೆ ಒಂದು ಕನ್ನಡಿ ತೂಗುಹಾಕಿದ. ಅದರಲ್ಲಿ ಆಡುವವರ ಕೈ ಅವನಿಗೆ ಕಾಣುತ್ತಿತ್ತು. ಅವರ ಹೆಬ್ಬೆರಳು ಒತ್ತಿದಾಗ ಇವನೂ ಒತ್ತುತ್ತಿದ್ದ. ಅವರು ತಡವಾಗಿ ಒತ್ತಿದರೆ ಇವನು ಹೊತ್ತಿಗೆ ಸರಿಯಾಗಿ ಒತ್ತಿಬಿಟ್ಟಿರುತ್ತಿದ್ದ. ಅನುಮಾನ ಬರಬಾರದೆಂದು ನಡುನಡುವೆ ಒಂದೆರಡು ಸಲ ಸಾಯಿಸುತ್ತಲೂ ಇದ್ದ. ಅಷ್ಟು ನಯವಾದ ಮೋಸ. ಇದನ್ನೆಲ್ಲ ಅವನೇ ಮುಂದೆ ಬಾಯಿಬಿಟ್ಟು ಹೇಳಿದ್ದು.

ಮೋಸ ಎಂದು ಅವನಿಗೆ ಅನಿಸಿರಲಿಲ್ಲ. ಬಂದವರು ಗೆದ್ದರು. ಗೆದ್ದವರು ಮರುದಿನ ಮತ್ತೆ ಬಂದರು. ಬರುವಾಗ ಇನ್ನೊಬ್ಬರನ್ನು ಕರೆತಂದರು. ಸರತಿಯಲ್ಲಿ ಕುಳಿತು ಹಳೆಯ ಆಟಗಳ ಹೆಸರು ಹೇಳಿ ಹರಟೆ ಹೊಡೆದರು. ಇದಕ್ಕಿಂತ ದೊಡ್ಡ ಪುಣ್ಯದ ಕೆಲಸ ಇನ್ನೇನಿದೆ ಎಂದು ಅವನು ಬೀಗಿದ.

ಅವನ ಅಂಗಡಿಯ ಎದುರಿಗೆ, ರಸ್ತೆಯ ಆಚೆ, ಒಬ್ಬ ದರ್ಜಿಯ ಅಂಗಡಿ ಇತ್ತು. ದರ್ಜಿ ಮೂವತ್ತು ವರ್ಷ ಕತ್ತರಿ ಹಿಡಿದವ. ಗೆರೆ ಎಳೆಯದೆ ಬಟ್ಟೆ ಕತ್ತರಿಸುವ ಕೈ ಅದು ಎಂದು ಊರವರು ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಆ ಕೈ ನಡುಗಲು ಶುರುವಾಯಿತು. ವೈದ್ಯರು ಮಾತ್ರೆ ಕೊಟ್ಟರು. ನಡುಕ ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು. ಅಂದಿನಿಂದ ಕತ್ತರಿ ಹೆಂಡತಿಯ ಕೈಗೆ ಹೋಯಿತು. ದರ್ಜಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಮೊಬೈಲಿನಲ್ಲಿ ಹಣ್ಣು ಜೋಡಿಸತೊಡಗಿದ. ಆ ಹಣ್ಣುಗಳು ದೊಡ್ಡವು. ಬೆರಳು ಅತ್ತಿತ್ತ ಹೋದರೂ ಆಟ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಅಂಗಡಿಯವ ದಿನವೂ ಅದನ್ನು ನೋಡುತ್ತಿದ್ದ. ಇವನಿಗೊಂದು ನಿಜವಾದ ಆಟದ ರುಚಿ ತೋರಿಸಬೇಕು ಎಂದು ಅವನಿಗೆ ಅನಿಸಿತು. ಒಂದು ಮಧ್ಯಾಹ್ನ ರಸ್ತೆ ದಾಟಿ ಹೋಗಿ ಕರೆದ.

"ಬರ್ರಿ ಕಾಕಾ, ಒಂದು ಆಟ ಆಡೀರಂತ."

"ಕೈ ನಡುಗ್ತೈತಿ ತಮ್ಮಾ. ನಂಗ ಆಗಂಗಿಲ್ಲ."

"ಕುಂತ್ರ ತಾನ ಗೊತ್ತಾಗ್ತೈತಿ, ಬರ್ರಿ."

ದರ್ಜಿ ಬಂದು ಕುಳಿತ. ಜಾಯ್‌ಸ್ಟಿಕ್ ಅವನ ಕೈಯಲ್ಲಿ ಗಡಗಡ ಅಲುಗುತ್ತಿತ್ತು. ಪರದೆಯ ಮೇಲೆ ಲಾಂದ್ರದವ ನಡೆದ. ಮೊದಲ ಹೊಂಡ ಬಂತು. ದರ್ಜಿಯ ಹೆಬ್ಬೆರಳು ಎರಡು ಸಲ ತಪ್ಪಿ ಮೂರನೆಯ ಸಲ ಒತ್ತಿತು. ಲಾಂದ್ರದವ ಹಕ್ಕಿಯಂತೆ ಹಾರಿ ಆಚೆ ನಿಂತ. ಎರಡನೆಯದನ್ನು ದಾಟಿದ. ಮೂರು, ನಾಲ್ಕು ದಾಟಿದ. ದರ್ಜಿ ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟು ತನ್ನ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ದಂಗುಬಡಿದವನಂತೆ ನೋಡಿದ. ಅವನ ಕಣ್ಣು ತುಂಬಿತು. ಕನ್ನಡಿಯಲ್ಲಿ ಆ ಕಣ್ಣು ಅಂಗಡಿಯವನಿಗೆ ಕಂಡಿತು. ಆಗಲೇ ನಿಲ್ಲಿಸಬೇಕಿತ್ತು. ಅವನು ನಿಲ್ಲಿಸಲಿಲ್ಲ.

ದರ್ಜಿ ದಿನವೂ ಬರತೊಡಗಿದ. ಮೊಬೈಲಿನ ಹಣ್ಣುಗಳನ್ನು ಮರೆತೇಬಿಟ್ಟ. 'ಮಕ್ಕಳಾಟ ಅದು,' ಎಂದ. ಅಂಗಡಿಯವ ಅವನಿಗೆ ಒಂದಾದ ಮೇಲೊಂದು ಆಟ ತೋರಿಸಿದ. ಚೆಂಡಿನಿಂದ ಇಟ್ಟಿಗೆ ಗೋಡೆ ಒಡೆಯುವ ಆಟ. ನಕ್ಷತ್ರಗಳ ನಡುವೆ ಹಡಗು ನಡೆಸುವ ಆಟ. ಟಪಾಲಿನವನೊಬ್ಬ ಮಳೆಯಲ್ಲಿ ಊರೂರು ತಿರುಗಿ ಬರೀ ಕಾಗದ ಹಂಚುವ ವಿಚಿತ್ರ ಆಟ. ದರ್ಜಿ ಎಲ್ಲವನ್ನೂ ಆಡಿದ, ಎಲ್ಲದರಲ್ಲೂ ಗೆದ್ದ. ಆ ಟಪಾಲಿನವನ ಬಗ್ಗೆ ಅಳತೆ ಕೊಡಲು ಬಂದವರಿಗೂ ಹೇಳುತ್ತಿದ್ದ. ಅವನು ಹೇಳಿದ್ದು ಕೇಳಿ ಇಬ್ಬರು ಮೂವರು ಆಟದಂಗಡಿಗೆ ಬಂದರು. ಅವರಲ್ಲೊಬ್ಬ ಬಸ್ಸಿನ ಕಂಡಕ್ಟರು. ಅವನೂ ಗೆದ್ದ, ಅವನೂ ಖಾಯಂ ಆದ.

ಕನ್ನಡಿಯಲ್ಲಿ ಮಾತ್ರ ಅಂಗಡಿಯವನಿಗೆ ನಿಜ ಕಾಣುತ್ತಲೇ ಇತ್ತು. ದರ್ಜಿಯ ಕೈಯ ನಡುಕ ಒಂದು ಎಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಪರದೆ ನೋಡುತ್ತ ಕುಳಿತವನಿಗೆ ತನ್ನ ಕೈ ಕಾಣುವುದಿಲ್ಲ. ದರ್ಜಿ ನೋಡಿದ್ದು ಲಾಂದ್ರದವನನ್ನು. ನಂಬಿದ್ದೂ ಅವನನ್ನೇ.

ನಲವತ್ತನೆಯ ದಿನ ಲಾಂದ್ರದವ ಹದಿನಾಲ್ಕನೆಯ ಹೊಂಡ ದಾಟಿದ. ಗವಿಯ ಬಾಯಿ ತೆರೆದು ಪರದೆಯ ತುಂಬ ಬೆಳಕಾಯಿತು. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದರ್ಜಿ ಎದ್ದು ನಿಂತು ತನ್ನ ಎರಡೂ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ರಸ್ತೆ ದಾಟಿ ಹೆಂಡತಿಗೆ ಹೇಳಲು ಹೋದ.

ಮರುದಿನ ಬೆಳಿಗ್ಗೆ ದರ್ಜಿಯ ಅಂಗಡಿಗೆ ಒಬ್ಬ ತಾಯಿ ಬಂದಳು. ಮಗಳ ಮದುವೆಯ ಕುಪ್ಪಸಕ್ಕೆ ಬಟ್ಟೆ ತಂದಿದ್ದಳು. ಹೊಸ ಬಟ್ಟೆಯಲ್ಲ. ಅವಳ ಅಜ್ಜಿ ತನ್ನ ಧಾರೆಯ ದಿನ ಉಟ್ಟಿದ್ದ ರೇಷ್ಮೆ ಸೀರೆಯ ಸೆರಗು. ಸೀರೆಯೆಲ್ಲ ಜೀರ್ಣವಾಗಿ ಸೆರಗೊಂದೇ ಉಳಿದಿತ್ತು. ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ತಂದಿದ್ದಳು. ಒಂದು ಕುಪ್ಪಸಕ್ಕೆ ಸರಿಯಾಗಿ ಇತ್ತು, ಒಂದು ಬೆರಳು ಹೆಚ್ಚಿರಲಿಲ್ಲ.

ದರ್ಜಿಯ ಹೆಂಡತಿ ಸೆರಗನ್ನು ಮೇಜಿನ ಮೇಲೆ ಹಾಸಿ ಕತ್ತರಿ ಎತ್ತಿಕೊಂಡಳು. ದರ್ಜಿ ಸ್ಟೂಲಿನಿಂದ ಎದ್ದು ಬಂದು ಕೈ ಚಾಚಿದ.

"ಇತ್ತ ಕೊಡು. ಇದನ್ನ ನಾನ ಕತ್ತರಸ್ತೀನಿ."

ಹೆಂಡತಿ ಬೇಡವೆನ್ನಲು ಬಾಯಿ ತೆರೆದಳು. ತೆರೆದವಳು ಅವನ ಮುಖ ನೋಡಿದಳು. ಎರಡು ವರ್ಷದಿಂದ ಅವಳು ಕಾಣದಿದ್ದ ಮುಖ ಅದು. ಕತ್ತರಿ ಕೊಡದಿರಲು ಅವಳ ಕೈಲಾಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅಂಗಡಿಯವ ತನ್ನ ಅಂಗಡಿಯ ಶೆಟರ್ ಎತ್ತುತ್ತಿದ್ದ. ತಿರುಗಿದರೆ ಎದುರಿಗೆ ದರ್ಜಿ ಮೇಜಿನ ಮುಂದೆ ನಿಂತಿದ್ದಾನೆ. ಕೈಯಲ್ಲಿ ಕತ್ತರಿ, ಮುಂದೆ ರೇಷ್ಮೆ. ದರ್ಜಿಯೂ ಅವನನ್ನು ಕಂಡ. ಕಂಡು ನಕ್ಕ. ನಕ್ಕು ಕತ್ತರಿಯನ್ನು ಹಣೆಯ ಮಟ್ಟಕ್ಕೆ ಎತ್ತಿ ಅವನಿಗೊಂದು ನಮಸ್ಕಾರ ಮಾಡಿದ.

ಅಂಗಡಿಯವ ಓಡಿ ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ನಡುವೆ ಇದ್ದದ್ದು ಹದಿನೈದು ಹೆಜ್ಜೆಯ ರಸ್ತೆ. ಆದರೆ ಆ ಮಾತನ್ನು ಆ ತಾಯಿಯ ಮುಂದೆ, ಹೆಂಡತಿಯ ಮುಂದೆ, ನಗುತ್ತ ನಿಂತ ಮನುಷ್ಯನ ಮುಖಕ್ಕೇ ಹೇಳಬೇಕಿತ್ತು. ಅವನ ನಾಲಿಗೆ ಏಳಲಿಲ್ಲ. ಈ ಒಂದು ಸಲ ಕೈ ನಿಂತರೂ ನಿಂತೀತು ಎಂದು ಅವನೂ ನಂಬಲು ನೋಡಿದ. ತಾನು ಹೆಣೆದ ಸುಳ್ಳಿಗೆ ತಾನೇ ಮರುಳಾಗಲು ಹೊರಟ.

ದರ್ಜಿ ಬಾಗಿ ಕತ್ತರಿಯನ್ನು ಬಟ್ಟೆಗೆ ಹಚ್ಚಿದ. ಆಗ ಅಂಗಡಿಯವ ತನ್ನ ಕೈ ನೋಡಿಕೊಂಡ. ಅವನ ಹೆಬ್ಬೆರಳು ಬರಿಯ ಗಾಳಿಯನ್ನು ಒತ್ತುತ್ತಿತ್ತು. ದರ್ಜಿಯ ಕೈ ನೋಡಿಕೊಂಡು, ಹೊತ್ತು ಹಿಡಿದು, ನಲವತ್ತು ದಿನ ಮಾಡಿದಂತೆಯೇ ಒತ್ತುತ್ತಿತ್ತು. ಆ ಕತ್ತರಿಗೆ ಇತ್ತಲಿಂದ ಯಾವ ವೈರೂ ಇರಲಿಲ್ಲ. ಅದನ್ನು ಕಂಡು ಅವನಿಗೆ ಕೂಗಬೇಕೆನಿಸಿತು. ಕೂಗುವಷ್ಟರಲ್ಲಿ ಮುಗಿದಿತ್ತು.

ಕತ್ತರಿ ನಾಲ್ಕು ಬೆರಳಷ್ಟು ನೆಟ್ಟಗೆ ಹೋಯಿತು. ಆಮೇಲೆ ಹೊರಳಿತು. ಜರಿಯ ಅಂಚನ್ನು ಅಡ್ಡಡ್ಡ ಕೊಯ್ದುಕೊಂಡು ಹೋಗಿ ಬಟ್ಟೆ ಒತ್ತಿ ಹಿಡಿದಿದ್ದ ಎಡಗೈಯ ಹೆಬ್ಬೆರಳಿಗೆ ಬಂದು ನಿಂತಿತು. ರಕ್ತ ರೇಷ್ಮೆಯ ಮೇಲೆ ಹರಡಿತು. ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದರ್ಜಿ ರಕ್ತ ನೋಡಲಿಲ್ಲ, ಬಟ್ಟೆ ನೋಡಲಿಲ್ಲ. ಕತ್ತರಿ ಹಿಡಿದಿದ್ದ ಬಲಗೈಯನ್ನೇ ನೋಡುತ್ತಿದ್ದ.

"ನಿನ್ನೆ ದಾಟಿದ್ದು ಇದ ಕೈ ಅಲ್ಲೇನು?" ಎಂದು ಹೆಂಡತಿಯನ್ನು ಕೇಳಿದ.

ದನಿ ಮೆತ್ತಗಿತ್ತು. ರಸ್ತೆಯ ಆಚೆ ನಿಂತವನಿಗೂ ಅದು ಕೇಳಿಸಿತು. ಅವನು ಎತ್ತಿದ ಶೆಟರನ್ನು ಮತ್ತೆ ಇಳಿಸಿ ಒಳಗೆ ಕುಳಿತುಬಿಟ್ಟ.

ಹೆಂಡತಿ ರಾತ್ರಿ ಹಗಲು ಕುಳಿತು, ಹರಿದ ಸೆರಗಿಗೆ ಬೇರೆ ರೇಷ್ಮೆಯ ಪಟ್ಟಿ ಕೊಟ್ಟು, ಕಲೆಯನ್ನು ಕಂಕುಳ ಕೆಳಗೆ ಮರೆಮಾಡಿ ಹೇಗೋ ಒಂದು ಕುಪ್ಪಸ ಮಾಡಿದಳು. ಆ ತಾಯಿ ಒಂದು ಮಾತೂ ಆಡದೆ ತೆಗೆದುಕೊಂಡು ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದರ್ಜಿ ಅಂಗಡಿಯ ಹಿಂದಿದ್ದ ಮನೆಯ ಒಳಕೋಣೆ ಸೇರಿದ. ಎರಡೂ ಕೈಗಳನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕುಳಿತ. ಅನ್ನ ತಿನ್ನಲೂ ಕೈ ಹೊರಗೆ ತೆಗೆಯಲಿಲ್ಲ. ಹೆಂಡತಿಯೇ ತುತ್ತು ಕೊಡಬೇಕಾಯಿತು. ಅವನಿಗೆ ಅಂಗಡಿಯವನ ಮೇಲೆ ಸಿಟ್ಟಿರಲಿಲ್ಲ. ಗೆದ್ದ ಕೈಯೇ ಬೇಕಂತಲೇ ತನಗೆ ದ್ರೋಹ ಮಾಡಿತು ಎಂದು ಅವನು ತಿಳಿದಿದ್ದ.

ಅಂಗಡಿಯವನಿಗೆ ಆಗ ಆ ಹಳೆಯ ದಿನ ನೆನಪಿಗೆ ಬಂತು. ಆರು ವರ್ಷದ ಅವನು ಟಿವಿಯ ಹಿಂದೆ ಬಿದ್ದ ಚೆಂಡು ತೆಗೆಯಲು ಹೋಗಿದ್ದ. ಅಲ್ಲಿ ತನ್ನ ಜಾಯ್‌ಸ್ಟಿಕ್ಕಿನ ವೈರು ಬರಿ ನೆಲದ ಮೇಲೆ ಬಿದ್ದಿತ್ತು. ಅವನು ಮಂಚದ ಕೆಳಗೆ ಹೋಗಿ ಮಲಗಿದ್ದ. ಅವ್ವ ಎಷ್ಟು ಕರೆದರೂ ಊಟಕ್ಕೆ ಬಂದಿರಲಿಲ್ಲ. ಮುಂದಿನ ಬೇಸಿಗೆಯವರೆಗೂ ಅಣ್ಣನ ಜೊತೆ ಮಾತಾಡಿರಲಿಲ್ಲ. ಇಷ್ಟನ್ನೂ ಹೇಗೆ ಮರೆತಿದ್ದೆ ಎಂದು ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಮೂರನೆಯ ದಿನ ಅವನು ಅಂಗಡಿಯಲ್ಲಿ ದರ್ಜಿ ಹಿಡಿಯುತ್ತಿದ್ದ ಜಾಯ್‌ಸ್ಟಿಕ್ ತೆಗೆದುಕೊಂಡು ದರ್ಜಿಯ ಮನೆಗೆ ಹೋದ. ಅದನ್ನು ದರ್ಜಿಯ ಮುಂದೆ ಇಟ್ಟ. ನಲವತ್ತು ದಿನದ್ದನ್ನೂ ಬಿಡದೆ ಹೇಳಿದ. ಕನ್ನಡಿಯ ವಿಷಯ ಹೇಳಿದ. ಹೇಳಿ ಮುಗಿಸಿ, ಬೈಗುಳಕ್ಕೋ ಹೊಡೆತಕ್ಕೋ ಕಾಯುತ್ತ ತಲೆ ತಗ್ಗಿಸಿ ಕುಳಿತ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ದರ್ಜಿ ಕಂಬಳಿಯೊಳಗಿಂದ ಕೈ ಹೊರತೆಗೆದ. ಜಾಯ್‌ಸ್ಟಿಕ್ಕನ್ನು ಬಿಟ್ಟು ವೈರನ್ನು ಹಿಡಿದ. ನೂಲು ಹಿಡಿದು ಅಭ್ಯಾಸವಿದ್ದವ. ಬೆರಳುಗಳ ನಡುವೆ ಎಳೆಯುತ್ತ ಎಳೆಯುತ್ತ ತುದಿಗೆ ಬಂದ. ತುದಿಯಲ್ಲಿ ಏನೂ ಇರಲಿಲ್ಲ.

"ಒಂದು ಹೊಂಡನಾದರೂ ನಾ ದಾಟಿದ್ನೇನು?"

"ಇಲ್ಲ ಕಾಕಾ."

"ಒಂದೂ ಇಲ್ಲ?"

"ಒಂದೂ ಇಲ್ಲ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಗಡಿಯವ ಕಣ್ಣು ಮುಚ್ಚಿದ. ಆಗ ದರ್ಜಿ ಹೇಳಿದ ಮಾತಿಗೆ ಇಬ್ಬರೂ ಬೆಚ್ಚಿಬಿದ್ದರು.

"ಹಂಗಾದ್ರ ನಾ ಇನ್ನೂ ಸೋತೂ ಇಲ್ಲ. ನಡಿ, ವೈರ್ ಹಾಕು."

ಹೆಬ್ಬೆರಳಿಗೆ ಸುತ್ತಿದ ಬಟ್ಟೆಯೊಂದಿಗೇ ದರ್ಜಿ ರಸ್ತೆ ದಾಟಿದ. ಆಟದಂಗಡಿಯ ಬಾಗಿಲಲ್ಲಿ ಐದಾರು ಜನ ಕಾಯುತ್ತಿದ್ದರು. ಮೂರು ದಿನದಿಂದ ಅಂಗಡಿ ಯಾಕೆ ಮುಚ್ಚಿದೆ ಎಂದು ಕೇಳಲು ಬಂದವರು. ಅವರೆಲ್ಲರ ಮುಂದೆ ಅಂಗಡಿಯವ ಮೇಜಿನ ಮರೆಯಿಂದ ನಿಜವಾದ ಜಾಯ್‌ಸ್ಟಿಕ್ ತೆಗೆದು ಅದರ ಪಿನ್ನು ಕಳಚಿ ದರ್ಜಿಯ ಕೈಗೆ ಕೊಟ್ಟ. ಪಿನ್ನನ್ನು ತಾನೇ ಸಿಕ್ಕಿಸುತ್ತೇನೆಂದು ದರ್ಜಿ ಹಟ ಹಿಡಿದ. ನಡುಗುವ ಕೈಗೆ ಅದು ಸುಲಭವಾಗಿ ಕೂರಲಿಲ್ಲ. ಆರನೆಯ ಸಲಕ್ಕೆ ಕೂತಿತು.

ಕಂಡಕ್ಟರು ಎಲ್ಲವನ್ನೂ ನೋಡುತ್ತಿದ್ದ. ಕನ್ನಡಿ ನೋಡಿದ, ಮೇಜು ನೋಡಿದ, ಅಂಗಡಿಯವ ಮರಳಿ ತಂದು ನೆಲಕ್ಕಿಟ್ಟಿದ್ದ ಜಾಯ್‌ಸ್ಟಿಕ್ಕಿನ ಬರಿ ವೈರು ನೋಡಿದ. ನಾವೆಲ್ಲರೂ ಹೀಗೆಯೇ ಆಡಿದ್ದಾ ಎಂದು ಕೇಳಿದ. ಅಂಗಡಿಯವ ಹೌದೆಂದು ತಲೆಯಾಡಿಸಿದ. ಇಬ್ಬರು ಥೂ ಎಂದು ಉಗುಳಿ ಹೊರಟುಹೋದರು. ಉಳಿದವರು ಹೋಗಬೇಕೋ ಕೂರಬೇಕೋ ತಿಳಿಯದೆ ನಿಂತಿದ್ದಾಗ ಪರದೆಯ ಮೇಲೆ ಲಾಂದ್ರದವ ನಡೆಯತೊಡಗಿದ.

ಮೊದಲ ಹೊಂಡಕ್ಕೆ ಬಿದ್ದ. ಮತ್ತೆ ನಡೆದ, ಮತ್ತೆ ಬಿದ್ದ. ದರ್ಜಿಯ ಹೆಬ್ಬೆರಳು ಒಮ್ಮೆ ಬೇಗ ಒತ್ತಿತು, ಒಮ್ಮೆ ಎರಡು ಸಲ ಒತ್ತಿತು, ಒಮ್ಮೆ ಬಟನ್ನನ್ನೇ ಬಿಟ್ಟು ಪಕ್ಕಕ್ಕೆ ಒತ್ತಿತು. ಹತ್ತು ಸಲ ಬಿದ್ದ. ಇಪ್ಪತ್ತು ಸಲ ಬಿದ್ದ. ಅಂಗಡಿಯವನಿಗೆ ಸಹಿಸಲಾಗಲಿಲ್ಲ. ಅವನ ಬೆರಳುಗಳು ತಾವಾಗಿಯೇ ಏಳುತ್ತಿದ್ದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕುಳಿತ. ಕೊನೆಗೆ, ಇದು ಬೇಡ, ಸುಲಭದ್ದೊಂದು ಹಾಕಿಕೊಡುತ್ತೇನೆ ಎಂದ.

"ಬ್ಯಾಡ ತಮ್ಮಾ," ಎಂದ ದರ್ಜಿ. "ಇಷ್ಟು ದಿನ ಇಂವ ನನ್ನ ಮಾತು ಕೇಳಿದ್ದಿಲ್ಲ. ಇವತ್ತ ನೋಡು, ನಾ ತಪ್ಪು ಒತ್ತಿದ್ರ ಬೀಳ್ತಾನ."

ಹೇಳಿ ನಕ್ಕ. ಹೊಟ್ಟೆಯಿಂದ ಬಂದ ನಗೆ. ಹದಿನಾಲ್ಕನೆಯ ಹೊಂಡ ದಾಟಿದ ದಿನವೂ ಅವನು ಹಾಗೆ ನಕ್ಕಿರಲಿಲ್ಲ. ಅಂಗಡಿಯವ ಬಾಯಿ ತೆರೆದುಕೊಂಡು ನೋಡಿದ. ಇಷ್ಟು ವರ್ಷ ಜನರಿಗೆ ಆಟದ ರುಚಿ ಹತ್ತಿಸಬೇಕೆಂದು ಒದ್ದಾಡಿದವ ಅವನು. ಆ ರುಚಿ ಹತ್ತುವುದನ್ನು ಅವನು ಕಣ್ಣಾರೆ ಕಂಡದ್ದು ಆವತ್ತೇ ಮೊದಲು.

ಸಂಜೆ ದೀಪ ಹಚ್ಚುವ ಹೊತ್ತಾಯಿತು. ದರ್ಜಿ ಎಪ್ಪತ್ತು ಸಲ ಬಿದ್ದಿದ್ದ. ಮೊದಲ ಹೊಂಡ ದಾಟಿರಲಿಲ್ಲ. ನಿಂತಿದ್ದವರು ಯಾವಾಗಲೋ ಕುಳಿತಿದ್ದರು. ಒಬ್ಬರೂ ಎದ್ದು ಹೋಗಿರಲಿಲ್ಲ. ಕಂಡಕ್ಟರು ಮುಂದಕ್ಕೆ ಸರಿದು ಕೈ ಚಾಚಿದ. ನಂಗೂ ಒಮ್ಮೆ ಕೊಡ್ರಿ, ನಾನೂ ಬಿದ್ದು ನೋಡ್ತೀನಿ ಎಂದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಕಳೆದ ವಾರ ಕುಣಿದಾಡಿಕೊಂಡು ಹೋದ ಹೆಂಗಸಿನ ಮುಖ ಶಿಷ್ಯನ ಕಣ್ಣ ಮುಂದೆ ಬಂತು. ಆಕೆ ಯಾರು, ಆ ಗೆಲುವನ್ನು ಹಿಡಿದುಕೊಂಡು ಮನೆಗೆ ಹೋಗಿ ಏನು ಮಾಡಿದಳು ಎಂದು ಅವನು ಯೋಚಿಸಿಯೇ ಇರಲಿಲ್ಲ. ಅವನಿಗೆ ಭಯವಾಯಿತು. ಅವನು ಗುರುಗಳ ಮುಖ ನೋಡಿದ. ಆಟದಂಗಡಿಯವ ಬೇರೆ ಯಾರೂ ಅಲ್ಲ, ಈ ಗುರುಗಳೇ ಎಂದು ಅವನಿಗೆ ಖಾತ್ರಿಯಾಗಿತ್ತು. ತಮ್ಮ ತಪ್ಪನ್ನು ಹೀಗೆ ಬಿಚ್ಚಿ ಹೇಳಿದವರನ್ನು ಅದರ ಬಗ್ಗೆ ಕೇಳುವುದು ಸರಿಯಲ್ಲ ಎನಿಸಿತು. ಬೇರೆ ಮಾತು ಕೇಳಿದ.

"ಆ ದರ್ಜಿ ಕಡೀಕ ಹದಿನಾಲ್ಕೂ ದಾಟಿದ್ನೇನ್ರಿ, ಗುರುಗಳ?"

ಹಿಂದಿನ ಮೇಜಿನಲ್ಲಿ ರಿಪೇರಿಯವ ಬೆಸೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ತನ್ನೆರಡು ಕೈಗಳನ್ನು ನಿಧಾನವಾಗಿ ತೊಡೆಯ ಕೆಳಗೆ ಸೇರಿಸಿಕೊಂಡ. ಗುರುಗಳು ಖಾಲಿ ಲೋಟವನ್ನು ನೆಲಕ್ಕಿಟ್ಟರು. ಇಡುವಾಗ ಅದು ನಾಲ್ಕೈದು ಸಲ ಟಣಟಣ ಎಂದು ನೆಲಕ್ಕೆ ಬಡಿಯಿತು. ಅವರ ಎಡ ಹೆಬ್ಬೆರಳಿನ ಮೇಲೆ ಹಳೆಯ ಗಾಯದ ಒಂದು ಗೆರೆ ಇತ್ತು.

"ಹತ್ತು ವರ್ಷ ಆತು ತಮ್ಮಾ, ಇವತ್ತ ಮುಂಜಾನೆ ನಾ ಮೂರನೇ ಹೊಂಡ ದಾಟಿ ನಾಲ್ಕನೇದ್ರಾಗ ಬಿದ್ದೆ."